ಎರಡನೇ ತಂಡದ ಹುಡುಗರು

2024ರ ಸೆಪ್ಟೆಂಬರ್ 14. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯ. ಬೆಂಗಳೂರು ಎಫ್‌ಸಿ ತಂಡದ ಎದುರು ಕೋಲ್ಕತ್ತದ ಹೆಸರಾಂತ ಈಸ್ಟ್ ಬೆಂಗಾಲ್. 25ನೇ ನಿಮಿಷದಲ್ಲಿ ಬಿದ್ದ ಒಂದೇ ಒಂದು ಗೋಲು ಪಂದ್ಯದ ಹಣೆಬರಹವನ್ನು ಬರೆದುಬಿಟ್ಟಿತು. ಗೋಲು ಹೊಡೆದವನು ಸುನಿಲ್ ಚೆಟ್ರಿಯಲ್ಲ, ಹಣ ಕೊಟ್ಟು ಕರೆಸಿದ ವಿದೇಶಿ ಆಟಗಾರನೂ ಅಲ್ಲ. ವಿನೀತ್ ವೆಂಕಟೇಶ್ ಎಂಬ 19 ವರ್ಷದ ಹುಡುಗ. ಸೂಪರ್ ಲೀಗಿನಲ್ಲಿ ಅವನಿಗೆ ಅದೇ ಮೊದಲ ಪಂದ್ಯ.

ಟಿ.ವಿ.ಯ ಮುಂದೆ ಕುಳಿತವರಿಗೆ ಅವನು ಹೊಸಬ. ಆದರೆ ಕ್ಲಬ್ಬಿನ ಕಿರಿಯರ ತಂಡಗಳ ಆಟ ನೋಡುತ್ತಿದ್ದವರಿಗೆ ಹಾಗೇನೂ ಅನ್ನಿಸಿರಲಾರದು. ದೊಡ್ಡ ತಂಡದ ಅಂಗಿ ತೊಡುವ ಮೊದಲು ಇಂಥ ಹುಡುಗರು ಜನರಿಲ್ಲದ ಮೈದಾನಗಳಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಎಷ್ಟೋ ಪಂದ್ಯಗಳನ್ನು ಆಡಿರುತ್ತಾರೆ. ಆ ಪಂದ್ಯಗಳ ಫಲಿತಾಂಶ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬಂದರೆ ಅದೇ ದೊಡ್ಡದು. ವೃತ್ತಿಪರ ಕ್ಲಬ್ಬುಗಳ ಈ ಎರಡನೇ ತಂಡವನ್ನು ಮೀಸಲು ತಂಡ, ‘ಬಿ’ ತಂಡ, ರಿಸರ್ವ್ ತಂಡ ಎಂದೆಲ್ಲ ಕರೆಯುತ್ತಾರೆ. ಈ ವಾರ ಅದರ ವಿಚಾರ.

ವಿಜ್ಞಾನದ ಮಾಸ್ತರರಿಗೆ ಫುಟ್‌ಬಾಲಿನ ಗೊಡವೆ ಏಕೆ ಎಂದು ಕೇಳುವವರಿರಬಹುದು. ಕಾರಣವಿದೆ. ಹೊನ್ನಾವರದ ಕಡೆಯ ಪಾಲಕರೊಬ್ಬರು ಇತ್ತೀಚೆಗೆ ತಮ್ಮ ಮಗನ ವಿಷಯ ಮಾತಾಡಲು ಬಂದಿದ್ದರು. ಹುಡುಗ ಎಂಟನೆಯ ತರಗತಿ. ಕೊಯ್ಲಾದ ಗದ್ದೆಯಲ್ಲಿ, ಇಳಿತದ ಹೊತ್ತಿಗೆ ಗಟ್ಟಿಯಾಗುವ ಕಡಲದಂಡೆಯಲ್ಲಿ ಆಡಿ ಬೆಳೆದವನು. ದೂರದ ಒಂದು ವಸತಿ ಅಕಾಡೆಮಿಗೆ ಆಯ್ಕೆಯಾಗುವ ಸಂಭವವಿದೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಮುಂದೆ ಕ್ಲಬ್ಬಿನ ಎರಡನೇ ತಂಡಕ್ಕೆ ಸೇರಿಸಿಕೊಳ್ಳುತ್ತಾರಂತೆ. ತಂದೆಯ ಪ್ರಶ್ನೆ ಇಷ್ಟೇ: ‘ಮಾಸ್ತರ್ರೇ, ಮನೆ ಬಿಟ್ಟು, ಶಾಲೆ ಬಿಟ್ಟು ಎರಡನೇ ಟೀಮಿಗೆ ಹೋಗಿ ಎಂತ ಮಾಡೂದು, ಬೆಂಚು ಕಾಯೂಕಾ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಂಚು ಕಾಯುವವನು ಬೇರೆ, ಎರಡನೇ ತಂಡದವನು ಬೇರೆ. ಬೆಂಚಿನ ಮೇಲೆ ಕುಳಿತವನು ದೊಡ್ಡ ತಂಡದ ಬದಲಿ ಆಟಗಾರ. ಪಂದ್ಯ ಅವನ ಕಣ್ಣ ಮುಂದೆ ನಡೆಯುತ್ತದೆ, ಅವನು ಆಡುವುದಿಲ್ಲ. ಎರಡನೇ ತಂಡ ಹುಟ್ಟಿಕೊಂಡದ್ದೇ ಹೀಗೆ ಕುಳಿತು ತುಕ್ಕು ಹಿಡಿಯಬಾರದೆಂದು. ಅದಕ್ಕೆ ತನ್ನದೇ ತರಬೇತುದಾರ, ತನ್ನದೇ ಪಂದ್ಯಗಳು, ತನ್ನದೇ ಸೋಲು ಗೆಲುವು. 18-20ರ ಹುಡುಗರು ಅಲ್ಲಿ 90 ನಿಮಿಷವೂ ಆಡುತ್ತಾರೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯನೊಬ್ಬ ಒಮ್ಮೊಮ್ಮೆ ಅವರ ಜತೆ ಇಳಿದು ತನ್ನ ಕಾಲನ್ನು ಪರೀಕ್ಷಿಸಿಕೊಳ್ಳುತ್ತಾನೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನ ಮೇಳದಲ್ಲಿ ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗನಿಗೆ ಮೊದಲ ವರ್ಷವೇ ಕರ್ಣನ ವೇಷ ಕೊಡುವುದಿಲ್ಲ. ಇಡೀ ರಾತ್ರಿಯ ಆಟಗಳ ಕಾಲದಲ್ಲಿ ಅವನು ಕೋಡಂಗಿಯಾಗಿ, ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷವಾಗಿ ಪೂರ್ವರಂಗದಲ್ಲಿ ಕುಣಿಯುತ್ತಿದ್ದ. ಜನ ಇನ್ನೂ ಊಟ ಮುಗಿಸಿ ಬಂದಿರುತ್ತಿರಲಿಲ್ಲ. ಆದರೂ ಚಂಡೆ ಮದ್ದಳೆ ನಿಜವಾದದ್ದು, ರಂಗಸ್ಥಳ ನಿಜವಾದದ್ದು, ತಾಳ ತಪ್ಪಿದರೆ ಭಾಗವತರ ಕಣ್ಣು ಕೆಂಪಾಗುವುದೂ ನಿಜವೇ. (ಅಂದಹಾಗೆ, ಬಡಗುತಿಟ್ಟಿನಲ್ಲಿ ‘ಎರಡನೇ ವೇಷ’ವೆಂದರೆ ಮೇಳದ ಪ್ರಮುಖ ವೇಷ. ಆ ಲೆಕ್ಕ ಇಲ್ಲಿ ನಡೆಯದು.)

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತು. 2018-19ರಲ್ಲಿ ಸೂಪರ್ ಲೀಗ್ ಚಾಂಪಿಯನ್ ಆಯಿತು. ಈ ಕಥೆ ಎಲ್ಲರಿಗೂ ಗೊತ್ತು. ಅದೇ 2018-19ರಲ್ಲಿ ಕ್ಲಬ್ಬಿನ ‘ಬಿ’ ತಂಡ ಬೆಂಗಳೂರಿನ ಸೂಪರ್ ಡಿವಿಜನ್ ಲೀಗನ್ನು ಗೆದ್ದದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಆಗ ಆ ಹುಡುಗರ ತರಬೇತುದಾರರಾಗಿದ್ದವರು ನೌಶಾದ್ ಮೂಸಾ. 2021ರ ಆರಂಭದಲ್ಲಿ ದೊಡ್ಡ ತಂಡದ ಸ್ಪೇನ್ ದೇಶದ ತರಬೇತುದಾರ ಹೊರಟುಹೋದಾಗ ಕ್ಲಬ್ಬು ಹಂಗಾಮಿಯಾಗಿ ಹೊಣೆ ಹೊರಿಸಿದ್ದು ಇವರ ಮೇಲೆಯೇ. ಎರಡನೇ ತಂಡದಿಂದ ಮೇಲೇರುವವರು ಆಟಗಾರರು ಮಾತ್ರವಲ್ಲ.

ಅದೇ 2021ರಲ್ಲಿ ಡ್ಯುರಾಂಡ್ ಕಪ್ ಟೂರ್ನಿಗೆ ಕ್ಲಬ್ಬು ಬಹುಪಾಲು ಎಳೆಯರನ್ನೇ, ಮೂಸಾ ಅವರ ಕೈಯಲ್ಲಿಟ್ಟು ಕಳಿಸಿತು. ಹುಡುಗರು ಸೆಮಿಫೈನಲ್‌ವರೆಗೆ ಹೋದರು. ಎಫ್‌ಸಿ ಗೋವಾ ವಿರುದ್ಧ 2-2 ಸಮವಾಗಿ ಪೆನಾಲ್ಟಿಗಳಲ್ಲಿ ಸೋತರು. ಆ ತಂಡದಲ್ಲಿ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಎಂಬ ಹುಡುಗನಿದ್ದ. ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಅದೇ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿದಾಗ ಮೊದಲ ಗೋಲು ಅವನದೇ. 2022-23ರ ಸೂಪರ್ ಲೀಗಿನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ಅದಕ್ಕೆ ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದ ಮಣಿಪುರದ ರೋಶನ್ ಸಿಂಗ್ ಕೂಡ ಇದೇ ಎರಡನೇ ತಂಡದ ಮೆಟ್ಟಿಲು ಹತ್ತಿ ಬಂದವನು.

ಕಿರಿಯರಿಗಾಗಿ ಬೇರೆಯೇ ಲೀಗ್ ಇರಬೇಕೆಂದು ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಶುರುವಾದದ್ದು 2022ರಲ್ಲಿ, ಗೋವಾದಲ್ಲಿ. ಎಂಟು ತಂಡ, ತಲಾ ಏಳು ಪಂದ್ಯ. ಬೆಂಗಳೂರು ಮೊದಲನೆಯದು, ಕೇರಳ ಬ್ಲಾಸ್ಟರ್ಸ್ ಎರಡನೆಯದು. ಎರಡೂ ತಂಡಗಳ ಹುಡುಗರು ಆ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಎಳೆಯ ತಂಡಗಳೊಡನೆ ಆಡಿಬಂದರು.

ಈ ಪದ್ಧತಿ ಯೂರೋಪಿನಲ್ಲಿ ಹಳೆಯದು. ಸ್ಪೇನ್ ದೇಶದಲ್ಲಂತೂ ದೊಡ್ಡ ಕ್ಲಬ್ಬುಗಳ ಎರಡನೇ ತಂಡ ಕೆಳದರ್ಜೆಯ ಲೀಗುಗಳಲ್ಲಿ ಉಳಿದ ಊರುಗಳ ದೊಡ್ಡವರ ತಂಡಗಳೊಡನೆ ಸೆಣಸುತ್ತದೆ. ತಾಯಿ ತಂಡ ಇರುವ ದರ್ಜೆಗೆ ಮಾತ್ರ ಏರುವಂತಿಲ್ಲ. ಹಿಂದೆ ದೇಶದ ಕಪ್ ಟೂರ್ನಿಯಲ್ಲೂ ಆಡಲು ಬಿಡುತ್ತಿದ್ದರು. 1980ರಲ್ಲಿ ಒಂದು ವಿಚಿತ್ರ ನಡೆಯಿತು. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಎರಡನೇ ತಂಡವಾದ ಕಾಸ್ಟಿಯಾ ದೊಡ್ಡ ದೊಡ್ಡ ತಂಡಗಳನ್ನು ಉರುಳಿಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂತು. ಎದುರಾಳಿ ಯಾರು? ರಿಯಲ್ ಮ್ಯಾಡ್ರಿಡ್! ಒಂದೇ ಮನೆಯ ಅಣ್ಣ ತಮ್ಮಂದಿರ ಆಟ. ಅಣ್ಣಂದಿರು 6-1ರಿಂದ ಗೆದ್ದರು. ಈಗ ಅಲ್ಲಿ ಮೀಸಲು ತಂಡಗಳಿಗೆ ಆ ಕಪ್ಪಿನಲ್ಲಿ ಪ್ರವೇಶವಿಲ್ಲ.

ಬಾರ್ಸಿಲೋನಾದ ಕಥೆ ಇನ್ನೂ ಹತ್ತಿರದ್ದು. 2007ರಲ್ಲಿ ಆ ಕ್ಲಬ್ಬಿನ ಎರಡನೇ ತಂಡ ನಾಲ್ಕನೇ ದರ್ಜೆಗೆ ಇಳಿದಿತ್ತು. ಅದನ್ನು ಪೆಪ್ ಗಾರ್ಡಿಯೋಲಾ ಎಂಬ ಹೊಸ ತರಬೇತುದಾರರ ಕೈಗೆ ಕೊಟ್ಟರು. ಒಂದು ವರ್ಷದಲ್ಲಿ ತಂಡ ಮೇಲೇರಿತು. ಮರುವರ್ಷ ಅವರಿಗೆ ದೊಡ್ಡ ತಂಡವೇ ಸಿಕ್ಕಿತು. ಹೋಗುವಾಗ ಪೆಡ್ರೊ, ಸೆರ್ಜಿಯೊ ಬುಸ್ಕೆಟ್ಸ್ ಎಂಬಿಬ್ಬರು ಹುಡುಗರನ್ನು ಜತೆಗೆ ಕರೆದೊಯ್ದರು. 2008ರವರೆಗೆ ನಾಲ್ಕನೇ ದರ್ಜೆಯಲ್ಲಿ ಆಡುತ್ತಿದ್ದ ಇವರಿಬ್ಬರೂ 2010ರ ಜುಲೈಯಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಅಂತಿಮ ಪಂದ್ಯ ಆಡಿ ಗೆದ್ದರು.

ಹಾಗೆಂದು ಎಲ್ಲ ಕಥೆಗಳೂ ಹೀಗೆ ಸುಖಾಂತವಲ್ಲ. ನಮ್ಮ ಸುನಿಲ್ ಚೆಟ್ರಿಯವರನ್ನೇ ನೋಡಿ. 2012ರಲ್ಲಿ, ಭಾರತ ತಂಡದ ಮುಂಚೂಣಿಯ ಆಟಗಾರರಾಗಿದ್ದಾಗಲೇ, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬನ್ನು ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ‘ಬಿ’ ತಂಡ. ಅಲ್ಲೂ ಆಡಿದ್ದು ಬೆರಳೆಣಿಕೆಯ ಪಂದ್ಯ. 2013ರಲ್ಲಿ ಊರಿಗೆ ಮರಳಿ ಬೆಂಗಳೂರು ಎಫ್‌ಸಿಯ ನಾಯಕರಾದರು; ಮುಂದಿನದು ಇತಿಹಾಸ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋದರು. ಅಲ್ಲಿಯ ಉನ್ನತ ಲೀಗಿನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರ ಮೇ ತಿಂಗಳಲ್ಲಿ. ಎರಡು ವರ್ಷದ ಹತ್ತಿರ ಹತ್ತಿರ ಕಾದರು. ಅವರು ಕಾಯುವಾಗ ಪ್ರಾಯ ಇಪ್ಪತ್ತೆರಡು ದಾಟಿತ್ತು, ಕೈಯಲ್ಲಿ ಸಂಬಳವಿತ್ತು. ಹದಿನಾಲ್ಕರ ಹುಡುಗನನ್ನು ಕಾಯಿಸುವುದು ಬೇರೆ ಮಾತು.

ಇಲ್ಲಿಂದ ಮುಂದೆ ನನ್ನ ವಿಷಯ ಬರುತ್ತದೆ.

ಫುಟ್‌ಬಾಲಿನ ವಯೋಮಿತಿಯನ್ನು ಸಾಮಾನ್ಯವಾಗಿ ಜನವರಿ 1ರಿಂದ ಎಣಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಮೂವತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಲೆಕ್ಕಕ್ಕಿಲ್ಲ. ಹದಿಮೂರರಲ್ಲಿ ಅದು ಬಲು ದೊಡ್ಡ ಅಂತರ. ಆಯ್ಕೆಯ ದಿನ ಎತ್ತರದ, ಗಟ್ಟಿ ಹೆಗಲಿನ ಹುಡುಗ ಎದ್ದು ಕಾಣುತ್ತಾನೆ. ಅವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಸಿಗುತ್ತದೆ. ಹಾಗಾಗಿ ಅವನು ಇನ್ನೂ ಚೆನ್ನಾಗಿ ಆಡುತ್ತಾನೆ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪಟ್ಟಿ ಮಾಡಿದ ಮನೋವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿಕೊಂಡಿದ್ದರು. ಆಮೇಲೆ ಫುಟ್‌ಬಾಲಿನಲ್ಲೂ ಇದೇ ಕಂಡುಬಂತು. ಅದೃಷ್ಟವೆಂಬುದು ಜಾತಕದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ.

ಇದರ ಮೇಲೆ ಬೆಳವಣಿಗೆಯ ಜಿಗಿತ. ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ ಹದಿಮೂರು-ಹದಿನಾಲ್ಕರ ಸುಮಾರಿಗೆ, ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಎರಡು ವರ್ಷ ಮೊದಲು, ಎತ್ತರ ಸರಕ್ಕನೆ ಏರುತ್ತದೆ. ವರ್ಷಕ್ಕೆ 8-10 ಸೆಂ.ಮೀ. ಬೆಳೆಯುವುದುಂಟು. ಆದರೆ ಕೆಲವರಿಗೆ ಇದು ಹನ್ನೆರಡಕ್ಕೇ ಬರುತ್ತದೆ, ಕೆಲವರಿಗೆ ಹದಿನಾರಕ್ಕೆ. ತಡವಾಗಿ ಬೆಳೆಯುವವನಲ್ಲಿ ಯಾವ ದೋಷವೂ ಇಲ್ಲ. ಒಂದೇ ತೋಟದ, ಒಂದೇ ದಿನ ನೆಟ್ಟ ತೆಂಗಿನ ಗಿಡಗಳು ಒಂದೇ ವರ್ಷ ಹೊಂಬಾಳೆ ಬಿಡುತ್ತವೆಯೇ? ಜಿಗಿತದ ಕಾಲದಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಮತ್ತು ಸ್ನಾಯುರಜ್ಜುಗಳು ಹಿಂದೆ ಬೀಳುತ್ತವೆ. ನಿನ್ನೆಯವರೆಗೆ ಚೆಂಡು ಕಾಲಿಗೆ ಅಂಟಿಕೊಂಡಂತೆ ಆಡುತ್ತಿದ್ದ ಹುಡುಗ ಎಡವತೊಡಗುತ್ತಾನೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುವುದು ಈ ಪ್ರಾಯದ ಆಟಗಾರರಲ್ಲಿ ಸಾಮಾನ್ಯ. ಆಸ್‌ಗುಡ್-ಶ್ಲಾಟರ್ ಎಂದು ವೈದ್ಯರು ಅದಕ್ಕೆ ಹೆಸರಿಟ್ಟಿದ್ದಾರೆ. ಆಟ ಕಡಿಮೆ ಮಾಡಿದರೆ ಹೆಚ್ಚಿನವರಲ್ಲಿ ತಾನೇ ಗುಣವಾಗುತ್ತದೆ. ನೋವಿದೆ ಎಂದರೆ ತಂಡದಿಂದ ಬಿಡುತ್ತಾರೆಂದು ಹುಡುಗರು ಅದನ್ನು ಮುಚ್ಚಿಡುತ್ತಾರೆ. ಪಾಲಕರು ಕೇಳಿ ತಿಳಿಯಬೇಕು.

ಎರಡನೇ ತಂಡದ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಹದಿಮೂರರಲ್ಲಿ ಮಾಡಿದ ಆಯ್ಕೆ ಬಹುಮಟ್ಟಿಗೆ ಮೈಕಟ್ಟಿನ ಆಯ್ಕೆ. ಹತ್ತೊಂಬತ್ತರ ಹೊತ್ತಿಗೆ ಬೇಗ ಬೆಳೆದವನೂ ತಡವಾಗಿ ಬೆಳೆದವನೂ ಸಮವಾಗಿ ನಿಂತಿರುತ್ತಾರೆ. ಆಗ ಉಳಿಯುವುದು ಚೆಂಡಿನ ಮೇಲಿನ ಹಿಡಿತ ಮತ್ತು ತಲೆ. ಕ್ಲಬ್ಬಿಗೆ ಎರಡನೇ ತಂಡವೇ ಇಲ್ಲದಿದ್ದರೆ ತಡವಾಗಿ ಬೆಳೆದವನು ಹದಿನೇಳಕ್ಕೇ ಮನೆ ಸೇರುತ್ತಾನೆ. ಎರಡು ವರ್ಷ ಹೆಚ್ಚಿಗೆ ಸಿಕ್ಕಿದರೆ ಅವನ ಸರದಿಯೂ ಬರಬಹುದು.

ವಯಸ್ಸಿನ ಮಾತು ಬಂದಾಗ ಒಂದು ಸಂಗತಿ ಹೇಳಲೇಬೇಕು. ನಮ್ಮ ಶಾಲೆಗಳ ಹಳೆಯ ದಾಖಲೆ ಪುಸ್ತಕ ತೆರೆದರೆ ಊರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸಲು ಅನುಕೂಲವೆಂದು ಬರೆಸಿದ ತಾರೀಕು ಅದು. ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಆದರೆ ಆಟದ ಆಯ್ಕೆಗೋಸ್ಕರ ಮಗನ ವಯಸ್ಸನ್ನು ಒಂದೆರಡು ವರ್ಷ ಇಳಿಸುವವರು ಈಗ ಇದ್ದಾರೆ. ಇದು ನಡೆಯುವುದಿಲ್ಲ. ಎಡಗೈಯ ಮಣಿಕಟ್ಟಿನ ಎಕ್ಸ್-ರೇ ತೆಗೆದು, ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಮೃದ್ವಸ್ಥಿ ಎಷ್ಟು ಉಳಿದಿದೆ, ಎಷ್ಟು ಗಟ್ಟಿಯಾಗಿದೆ ಎಂದು ನೋಡಿ ಮೂಳೆಯ ವಯಸ್ಸನ್ನು ಅಂದಾಜು ಮಾಡುತ್ತಾರೆ. ಟ್ಯಾನರ್ ಮತ್ತು ವೈಟ್‌ಹೌಸ್ ಎಂಬ ಬ್ರಿಟಿಷ್ ಸಂಶೋಧಕರ ಹೆಸರಿನ ಪದ್ಧತಿ ಇದು. ನಮ್ಮಲ್ಲಿ ಫುಟ್‌ಬಾಲಿಗೂ ಕ್ರಿಕೆಟ್ಟಿಗೂ ಬಳಸುತ್ತಾರೆ. ಇದರಲ್ಲೂ ತೊಡಕಿಲ್ಲದಿಲ್ಲ. ಮೂಳೆಯ ವಯಸ್ಸು, ಹುಟ್ಟಿದ ದಿನದಿಂದ ಎಣಿಸುವ ವಯಸ್ಸು ಎರಡೂ ಯಾವಾಗಲೂ ಒಂದೇ ಅಲ್ಲ. ಬೇಗ ಬೆಳೆಯುವ ಪ್ರಾಮಾಣಿಕ ಹುಡುಗ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಉಂಟು. ಹಾಗಾದಾಗ ಮನೆಯವರು ಹುಡುಗನನ್ನು ಗದರದೆ ಅವನಿಗೆ ವಿಷಯ ತಿಳಿಸಿ ಹೇಳಬೇಕು.

ಇನ್ನು ಲೆಕ್ಕ. ಕಣದಲ್ಲಿ ಹನ್ನೊಂದು ಜನ. ಸೂಪರ್ ಲೀಗಿನಲ್ಲಿ 2021-22ರ ಋತುವಿನಿಂದ ಒಮ್ಮೆಗೆ ನಾಲ್ವರು ವಿದೇಶಿಯರು ಆಡಬಹುದು ಎಂದಾಯಿತು. ಅದಕ್ಕೆ ಮೊದಲು ಐವರು. ಅಲ್ಲಿಗೆ ನಮ್ಮವರಿಗೆ ಉಳಿದದ್ದು ಏಳು ಜಾಗ. ಈ ಏಳಕ್ಕೆ ಬೇರೆ ಕ್ಲಬ್ಬುಗಳಿಂದ ಕೊಂಡು ತಂದವರೂ ಸ್ಪರ್ಧಿಸುತ್ತಾರೆ. ವರ್ಷಕ್ಕೆ ಎರಡು-ಮೂರು ಜಾಗ ಖಾಲಿಯಾದರೆ ಹೆಚ್ಚು ಎಂದಿಟ್ಟುಕೊಳ್ಳೋಣ. ಎರಡನೇ ತಂಡದಲ್ಲಿ ಇಪ್ಪತ್ತೈದು ಹುಡುಗರಿದ್ದರೆ ಇಪ್ಪತ್ತೆರಡು ಜನ ಆ ವರ್ಷ ಮೇಲೇರುವುದಿಲ್ಲ. ಕೆಳಗಿನಿಂದ ಹೊಸಬರು ಬರುತ್ತಲೇ ಇರುತ್ತಾರೆ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಹೆಚ್ಚಿನವರನ್ನು ಬಿಟ್ಟುಬಿಡುತ್ತಾರೆ. ಕ್ಲಬ್ಬನ್ನು ದೂರಿ ಪ್ರಯೋಜನವಿಲ್ಲ, ವ್ಯವಸ್ಥೆ ಇರುವುದೇ ಹಾಗೆ.

ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ಹಿಂದಿನ ತಲೆಮಾರಿಗೆ ಉತ್ತರ ಸುಲಭವಿತ್ತು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇಯಂಥ ಸಂಸ್ಥೆಗಳ ತಂಡಗಳಿದ್ದವು. ಚೆನ್ನಾಗಿ ಆಡಿದವನಿಗೆ ನೌಕರಿ ಕೊಡುತ್ತಿದ್ದರು. ಮೊಣಕಾಲು ಹೋದರೂ ಸಂಬಳ ಹೋಗುತ್ತಿರಲಿಲ್ಲ. ಆ ಬಾಗಿಲು ಈಗ ಕಿರಿದಾಗಿದೆ. ಆದರೆ ಸ್ಥಳೀಯ ಲೀಗುಗಳಿವೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು ನೆನಪಿರಬಹುದು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಆ ತಂಡಕ್ಕೆ ಆಧಾರವಾಗಿದ್ದದ್ದು ಬೆಂಗಳೂರಿನ ಸೂಪರ್ ಡಿವಿಜನ್ ಲೀಗು.

ಮೇಲೇರಿದವರ ಪಾಡೂ ಭದ್ರವಲ್ಲ ಎಂಬುದು 2025ರಲ್ಲಿ ಗೊತ್ತಾಯಿತು. ಫುಟ್‌ಬಾಲ್ ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದದ ನವೀಕರಣ ಕಗ್ಗಂಟಾಗಿ ಸೂಪರ್ ಲೀಗ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ಇದರ ಬಾಧೆಯಿಲ್ಲ ಎಂದೂ ಅದೇ ಪ್ರಕಟಣೆಯಲ್ಲಿತ್ತು. ದೊಡ್ಡವರ ಸಂಬಳ ನಿಂತಿದ್ದರೂ ಹುಡುಗರ ತರಬೇತಿ ನಡೆದೇ ಇತ್ತು. ಇದನ್ನು ಓದಿ ಪಾಲಕರು ಸಮಾಧಾನಪಡಬೇಕೋ ಹೆದರಬೇಕೋ ನನಗೆ ತಿಳಿಯದು, ಎರಡಕ್ಕೂ ಕಾರಣವಿದೆ.

ಹಾಗಾದರೆ ಆ ತಂದೆಗೆ ಏನು ಹೇಳಿದೆ? ಕಳಿಸಬೇಡಿ ಎಂದು ಹೇಳಲಿಲ್ಲ. ಹದಿನಾಲ್ಕರ ಹುಡುಗನಿಗೆ ಒಂದು ವಿದ್ಯೆಯಲ್ಲಿ ನಿಜವಾದ ಹಸಿವಿದ್ದರೆ ಅದನ್ನು ಕೊಲ್ಲುವುದು ಪಾಪ. ಆದರೆ ಅಕಾಡೆಮಿಯವರು ದೊಡ್ಡ ಆಟಗಾರರ ಫೋಟೊ ತೋರಿಸಿದಾಗ ಅದನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿ ಎಂದೆ. ನನ್ನ ಮಗ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾನೆ, ಯಾರೊಡನೆ? ಗಾಯವಾದರೆ ಖರ್ಚು ಯಾರದು? ಹೋದ ಮೂರು ವರ್ಷ ನೀವು ಬಿಟ್ಟ ಹುಡುಗರು ಈಗ ಏನು ಮಾಡುತ್ತಿದ್ದಾರೆ, ಅವರಲ್ಲಿ ಇಬ್ಬರ ತಂದೆಯವರ ಫೋನ್ ನಂಬರ್ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸುವವರಿದ್ದರೆ ಎದ್ದು ಬನ್ನಿ. ಆಯ್ಕೆ ಮಾಡಿಸುತ್ತೇವೆಂದು ಮುಂಗಡ ಹಣ ಕೇಳುವ ಏಜೆಂಟರ ಮಾತಂತೂ ಬೇಡವೇ ಬೇಡ. ಅಕಾಡೆಮಿಗಳನ್ನು ಪರಿಶೀಲಿಸಿ ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ಕೊಡುವ ಪದ್ಧತಿ ಫೆಡರೇಶನ್ನಿನಲ್ಲೇ ಇದೆ, ಅದನ್ನು ನೋಡಿಕೊಳ್ಳಬಹುದು. ಬೆಂಗಳೂರು ಎಫ್‌ಸಿಯ ಹುಡುಗರ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ. ಹಳದೀಪುರದಿಂದ ಘಟ್ಟ ಹತ್ತಿ ದೂರದ ದಾರಿ. ಗೋವಾ ನಮಗೆ ಹತ್ತಿರ, ಅಲ್ಲಿಯ ಕ್ಲಬ್ಬುಗಳಿಗೂ ಕಿರಿಯರ ತಂಡಗಳಿವೆ, ಕೊಂಕಣ ರೈಲು ಹತ್ತಿದರೆ ಮಡಗಾಂವ್.

ಓದಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಆಗಲೇಬೇಕು. ಹಾಜರಾತಿ ತೊಂದರೆಯಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ, ಎನ್‌ಐಓಎಸ್ ಎನ್ನುತ್ತಾರೆ. ಅಲ್ಲಿ ವಿಷಯಗಳನ್ನು ಒಂದೇ ಸಲ ಬರೆಯಬೇಕೆಂದಿಲ್ಲ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ, ಇವತ್ತು ಎರಡು, ಆರು ತಿಂಗಳ ಮೇಲೆ ಮತ್ತೆರಡು ಎಂದು ಮುಗಿಸಬಹುದು. ವಿಜ್ಞಾನ ತೆಗೆದುಕೊಂಡರೆ ಪ್ರಯೋಗಾಲಯದ ಕೆಲಸ ಎಲ್ಲಿ ಮಾಡಿಸುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ದಸರಾ ರಜೆಯಲ್ಲೋ ಕ್ರಿಸ್‌ಮಸ್ ರಜೆಯಲ್ಲೋ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗುವವರು ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿ ಬರುವುದು ವಾಡಿಕೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಅಶೋಕನಗರದಲ್ಲಿ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇದೆ. ಸ್ಥಳೀಯ ಲೀಗಿನ ಪಂದ್ಯವಿದ್ದರೆ ಒಂದು ಮಧ್ಯಾಹ್ನ ಹೋಗಿ ಕುಳಿತುಕೊಳ್ಳಿ. ನೂಕುನುಗ್ಗಲಿಲ್ಲ. ಧ್ವನಿವರ್ಧಕದ ಗದ್ದಲವೂ ಇಲ್ಲದ್ದರಿಂದ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು, ತರಬೇತುದಾರರ ಬೈಗುಳ ಎಲ್ಲ ಕೇಳಿಸುತ್ತದೆ. ಯಾವುದಾದರೂ ದೊಡ್ಡ ಕ್ಲಬ್ಬಿನ ಎರಡನೇ ತಂಡ ಆಡುತ್ತಿದ್ದರೆ ಚೆಂಡಿನ ಹಿಂದೆ ಕಣ್ಣು ಓಡಿಸದೆ ಒಬ್ಬನೇ ಹುಡುಗನನ್ನು ಆರಿಸಿಕೊಂಡು ಹತ್ತು ನಿಮಿಷ ಅವನನ್ನೇ ನೋಡಲು ಮಗನಿಗೆ ಹೇಳಿ. ಚೆಂಡು ತನ್ನ ಹತ್ತಿರ ಇ‌ಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ, ಎಷ್ಟು ಸಲ ತಲೆ ಹೊರಳಿಸಿ ಹಿಂದೆ ನೋಡುತ್ತಾನೆ ಎಂದು ಎಣಿಸಲಿ.